ಆರು ವರ್ಷದ ಮೇಲಿನ ಲಾಭ

ಆ ಜೂನ್ ತಿಂಗಳಿಡೀ ಹಟ್ಟಿಕೇರಿಯ ಆ ಮನೆಯಲ್ಲಿ ಊಟಕ್ಕೆ ನಾಲ್ವರು ಕೂತರೆ ಐದನೆಯದಾಗಿ ಕಾರೊಂದು ಬಂದು ಕೂರುತ್ತಿತ್ತು. ಅದಕ್ಕೊಂದು ತಾಟು ಇಡುವುದು ಮಾತ್ರ ಬಾಕಿ. ಬಡಿಸುವ ಮಂಗಲಾಳಿಗೆ ಅದರ ಸುದ್ದಿ ಕೇಳಿ ಕೇಳಿ ಸಾಕು ಬೇಕಾಗಿ ಹೋಗಿತ್ತು.

ಇದ್ದ ಕಾರು ಡೀಸೆಲ್‌ದು. ಅಕ್ಟೋಬರ್ ಬಂದರೆ ಅದಕ್ಕೆ ಹದಿನೈದು ವರ್ಷ ತುಂಬುತ್ತದೆ. ಆರ್‌ಟಿಒದಲ್ಲಿ ಮತ್ತೆ ಪಾಸಿಂಗ್ ಮಾಡಿಸೋಣವೆಂದರೆ ಅಡಿಯ ತಗಡನ್ನೆಲ್ಲ ಉಪ್ಪುಗಾಳಿ ತಿಂದು ಮುಗಿಸಿತ್ತು. ಬೇರೆ ಮನೆಯವರಾದರೆ ಗುಜರಿಗೆ ಕೊಟ್ಟು ಬಸ್ಸು ಹತ್ತುತ್ತಿದ್ದರು. ಇಲ್ಲಿ ಹಾಗೆ ಮಾಡುವಂತಿರಲಿಲ್ಲ. ಮಂಗಲಾಳ ಗಂಡ ರಾಮಾನಿಗೆ ಎರಡೂ ಕಿಡ್ನಿ ಕೈಕೊಟ್ಟು ಒಂದೂವರೆ ವರ್ಷವಾಗಿತ್ತು. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಆರೂವರೆಗೆ ಕಾರವಾರದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಹಾಸಿಗೆ ಹಿಡಿಯಬೇಕು. ಒಂದು ಸಲ ತಪ್ಪಿದರೂ ಮೈಯಲ್ಲಿ ನೀರು ನಿಂತು ಉಸಿರು ಕಟ್ಟುತ್ತದೆ. ಹೋಗುವಾಗ ಹೇಗೋ ಬಸ್ಸಿನಲ್ಲಿ ಹೋದಾನು, ನಾಲ್ಕು ತಾಸು ರಕ್ತ ತೊಳೆಸಿಕೊಂಡು ಬರುವಾಗ ನಿಲ್ಲುವ ತ್ರಾಣವೂ ಇರುವುದಿಲ್ಲ.

ರಾಮಾ ಮೂವತ್ತೊಂದು ವರ್ಷ ಯೋಗೇಶನ ಬೋಟಿನಲ್ಲಿ ಇಂಜಿನ್ ನೋಡಿಕೊಂಡವನು. ಆ ಬೋಟಿನಲ್ಲಿ ಅವನದೂ ಎರಡಾಣೆ ಪಾಲು ಇತ್ತು. ಏಪ್ರಿಲ್‌ನಲ್ಲಿ ಅದನ್ನು ಯೋಗೇಶನಿಗೇ ಬಿಟ್ಟುಕೊಟ್ಟು ಐದು ಲಕ್ಷ ತಂದಿದ್ದ. ಕಾರಿಗೆ ಆ ಐದು ಲಕ್ಷ ಅವನದು, ಮಿಕ್ಕದ್ದು ಮಗ ಕಿಶನನ ಸಾಲ. ಹಾಗಾಗಿ ಅಪ್ಪ ಮಗ ಇಬ್ಬರಿಗೂ ಬಾಯಿ ಮಾಡುವ ಹಕ್ಕಿತ್ತು, ಇಬ್ಬರೂ ಅದನ್ನು ಬಿಡುತ್ತಿರಲಿಲ್ಲ.

"ಬಾಬಾ, ಒಂದ್ಸಲ ಸರಿಯಾಗಿ ಕೇಳಿ," ಎಂದ ಕಿಶನ, ಅನ್ನ ಕಲಸುತ್ತ. ಅವನು ಅರ್ಗಾದ ನೇವಿ ಕಡೆ ಕಂತ್ರಾಟಿನ ಇಲೆಕ್ಟ್ರಿಶಿಯನ್. "ಡೀಸೆಲ್ ಗಾಡಿ ಹನ್ನೆರಡು ಲಕ್ಷ, ಕರೆಂಟಿಂದು ಹದಿನೈದು. ಮೂರು ಲಕ್ಷ ಜಾಸ್ತಿ, ಇಲ್ಲ ಅನ್ನುದಿಲ್ಲ. ಆದ್ರೆ ಡೀಸೆಲಿಗೆ ಕಿಲೋಮೀಟರಿಗೆ ಐದು ರೂಪಾಯಿ ಬೀಳ್ತದೆ. ಕರೆಂಟಿಗೆ ಒಂದೇ ರೂಪಾಯಿ. ವರ್ಷಕ್ಕೆ ನಮ್ದು ಹನ್ನೆರಡು ಸಾವಿರ ಕಿಲೋಮೀಟರ್ ಓಡ್ತದೆ. ಆರು ವರ್ಷದಲ್ಲಿ ಆ ಮೂರು ಲಕ್ಷ ವಾಪಸ್ ಬಂತು. ಆಮೇಲಿಂದು ಪೂರಾ ಲಾಭ."

"ಆರು ವರ್ಷ," ಎಂದ ರಾಮಾ.

"ಬ್ಯಾಟರಿಗೆ ಎಂಟು ವರ್ಷ ಗ್ಯಾರಂಟಿ ಬೇರೆ ಅದೆ."

"ಎಂಟು," ಎಂದು ರಾಮಾ ತಾಟಿನತ್ತಲೇ ನೋಡಿದ. "ಬೇಡ. ಡೀಸೆಲೇ ಇರ್ಲಿ. ಡೀಸೆಲ್ ಇಂಜಿನ್ ಹಾಳಾದ್ರೆ ಎಲ್ಲಿ ಹಾಳಾಯ್ತು ಅಂತ ನಂಗೆ ಗೊತ್ತಾಗ್ತದೆ. ಅದು ಹಾಳಾದ್ರೆ ಯಾರನ್ನ ಕೇಳ್ತಿ?"

ಸೊಸೆ ಮನಿಷಾಳದು ಮೂರನೆಯ ದಾರಿ. ಅವಳು ಅಂಕೋಲೆಯಲ್ಲಿ ಒಂದು ಸೊಸಾಯಿಟಿಯ ಕೌಂಟರಿನಲ್ಲಿ ಕೂರುವವಳು, ಮಾತು ಕಡಿಮೆ, ಆಡಿದರೆ ಎಣಿಸಿ ಆಡುವಳು. "ಹೈಬ್ರಿಡ್ ತಕೊಂಡ್ರೆ ಈ ಜಗಳವೇ ಇಲ್ಲ ಮಾವಾ. ಪೆಟ್ರೋಲೂ ಅದೆ, ಬ್ಯಾಟರಿನೂ ಅದೆ. ಚಾರ್ಜಿಗೆ ಹಾಕುದೇ ಬೇಡ, ಓಡ್ತಾ ಓಡ್ತಾ ತಾನೇ ಮಾಡ್ಕೊಳ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಎರಡೆರಡು ದಿನ ಕರೆಂಟ್ ಇರುದಿಲ್ಲ. ಬುಧವಾರ ಹೋದ ಕರೆಂಟ್ ಗುರುವಾರ ಬರ್ದಿದ್ರೆ ಎಂತ ಮಾಡುದು?"

"ಅದಕ್ಕೆ ಹದಿನೇಳು ಲಕ್ಷ," ಎಂದ ಕಿಶನ. "ಮೇಲಿಂದ ಪೆಟ್ರೋಲ್ ನೂರರ ಮೇಲೆ ಅದೆ. ನಿನ್ನ ಸೊಸಾಯಿಟಿಯವ್ರು ಕೊಡ್ತಾರಾ?"

"ನಾ ಹೇಳಿದ್ದು ಹೇಳ್ದೆ. ಕೇಳುದು ಬಿಡುದು ನಿಮ್ದು."

ಮಂಗಲಾ ನಡುವೆ ಬಾಯಿ ಹಾಕಲಿಲ್ಲ. ಹಾಕಲು ಅವಳಿಗೆ ಪುರುಸೊತ್ತೂ ಇರಲಿಲ್ಲ. ಬೋಟುಗಳೆಲ್ಲ ದಡ ಹತ್ತಿ ಮೀನುಗಾರಿಕೆಗೆ ಎರಡು ತಿಂಗಳ ಬಂದಿ. ಹಸಿ ಮೀನಿಲ್ಲದ ಕಾಲಕ್ಕೆ ಮನೆಮಂದಿಗೆ ಒಣ ಬಾಂಗಡೆಯ ಸಾರು. ಉಪ್ಪಿನ ಮೀನು ರಾಮಾನಿಗೆ ವಿಷ. ಅವನಿಗೆ ಬೇರೆ ತರಕಾರಿ ಹೆಚ್ಚಿ, ನೆನೆಸಿ, ಬೇಯಿಸಿ, ಪೊಟ್ಯಾಶಿಯಂ ಇಳಿದ ಆ ನೀರು ಬಸಿದು ಚೆಲ್ಲಿ, ಮತ್ತೆ ಬೇಯಿಸಬೇಕು. ಎರಡು ಸಲ ಬೆಂದ ತೊಂಡೆಕಾಯಿಗೆ ಯಾವ ರುಚಿ ಉಳಿದೀತು? ಅವನು ಅದನ್ನು ಮಾತಾಡದೆ ತಿನ್ನುತ್ತಿದ್ದ, ಮಗನ ತಾಟಿನ ಬಾಂಗಡೆಯನ್ನು ನೋಡಿಯೂ ನೋಡದವನಂತೆ. ದಿನಕ್ಕೆ ಮುಕ್ಕಾಲು ಲೀಟರ್ ನೀರು, ಅದನ್ನೂ ಬಾಟಲಿಯಲ್ಲಿ ಅಳೆದಿಟ್ಟು ಕೊಡುವವಳು ಅವಳೇ. ಆಸ್ಪತ್ರೆಯ ದಿನ ನಾಲ್ಕಕ್ಕೆ ಏಳಬೇಕು. ಯಾವ ಕಾರು ತಂದರೂ ತಾನು ಏಳುವ ಹೊತ್ತು ಬದಲಾಗುವುದಿಲ್ಲವಲ್ಲ ಎಂದು ಅವಳಿಗೆ ಒಳಗೊಳಗೇ ಉರಿಯುತ್ತಿತ್ತು.

ಮುಂದಿನ ಭಾನುವಾರ ಕಿಶನ ತನ್ನ ಜೊತೆ ಕೆಲಸ ಮಾಡುವ ದೇವಾನಂದನನ್ನು ಅವನ ಕರೆಂಟಿನ ಕಾರಿನ ಸಮೇತ ಕರೆತಂದ. ಎಲ್ಲರೂ ಹತ್ತಿ ಅಂಕೋಲೆಯವರೆಗೆ ಹೋಗಿ ಬಂದರು. ರಾಮಾ ಮುಂದೆ ಕೂತಿದ್ದ. ಕಾರು ಹೊರಟದ್ದೇ ಅವನಿಗೆ ತಿಳಿಯಲಿಲ್ಲ. ಮೂವತ್ತು ವರ್ಷ ಇಂಜಿನ್ನಿನ ಮಗ್ಗುಲಲ್ಲೇ ಮಲಗಿದ ಕಿವಿಗೆ ಆ ಮೌನ ಒಗ್ಗಲಿಲ್ಲ. ಆದರೂ ಬೈಯಲಿಲ್ಲ. ಹಟ್ಟಿಕೇರಿ ಬರುವಷ್ಟರಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ.

"ಇದನ್ನ ಎರಡು ವರ್ಷ ಓಡಿಸಿ ಮಾರಿದ್ರೆ ಎಷ್ಟು ಬರ್ತದೆ?"

"ಅದು ಹೇಳುಕಾಗುದಿಲ್ಲ ಕಾಕಾ," ಎಂದ ದೇವಾನಂದ. "ಹಳೇ ಬ್ಯಾಟರಿ ಅಂದ್ರೆ ನಮ್ಮ ಕಡೆ ಜನ ಇನ್ನೂ ಹೆದರ್ತಾರೆ. ಇದು ಮಾರುಕೆ ತಕೊಳ್ಳುದಲ್ಲ, ಇಟ್ಕೊಳ್ಳುಕೆ."

"ಡೀಸೆಲ್ ಆದ್ರೆ?"

"ಡೀಸೆಲ್ ಆದ್ರೆ ಮನೆ ಬಾಗ್ಲಿಗೇ ಬಂದು ತಕೊಂಡು ಹೋಗ್ತಾರೆ."

"ತಕೊಳ್ಳುಕಿಂತ ಮೊದಲೇ ಮಾರುದು ಎಂತಕ್ಕೆ ಬಾಬಾ," ಎಂದು ಹಿಂದಿನಿಂದ ಕಿಶನ ನಕ್ಕ. ರಾಮಾ ನಗಲಿಲ್ಲ. ಇಳಿದು ಒಳಗೆ ಹೋಗಿ ಮಲಗಿಬಿಟ್ಟ.

ಆದರೆ ಹಟ ಬಿಡುವ ಆಸಾಮಿಯಲ್ಲ ಅವನು. ಡೀಸೆಲ್ ದುಬಾರಿ ಎಂದು ಮಗ ಹಾಡಿದ್ದೇ ಹಾಡುತ್ತಿದ್ದಾನಲ್ಲ, ಅದಕ್ಕೊಂದು ಜವಾಬು ಕೊಡಬೇಕಿತ್ತು. ಬುಧವಾರ ಬೆಳಿಗ್ಗೆ ಯೋಗೇಶನಿಗೆ ಫೋನ್ ಹಚ್ಚಿದ. ಬೋಟು ದಡ ಹತ್ತಿದ ಮೇಲೆ ಡ್ರಮ್ಮಿನ ತಳದಲ್ಲಿ ಒಂದಿಷ್ಟು ಡೀಸೆಲ್ ಉಳಿದೇ ಉಳಿಯುತ್ತದೆ. ಅದು ತೆರಿಗೆ ಬಿಟ್ಟು ಬೋಟಿಗೆಂದೇ ಕೊಡುವ ಡೀಸೆಲ್, ಕಾರಿಗೆ ಹೊಯ್ಯುವಂತಿಲ್ಲ. ಗೊತ್ತಿದ್ದೂ ಹಳೆಯ ಸ್ನೇಹಕ್ಕೆ ಯೋಗೇಶ ಇಪ್ಪತ್ತು ಲೀಟರಿನ ಕ್ಯಾನೊಂದನ್ನು ರಿಕ್ಷಾದಲ್ಲಿ ಇಟ್ಟು ಕಳಿಸಿದ.

ಮಧ್ಯಾಹ್ನ ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಮಳೆ ಸ್ವಲ್ಪ ಹೊಳವು ಕೊಟ್ಟಿತ್ತು.

"ಹೋಯ್ ಮಂಗಲಾ, ಇಲ್ಲಿ ಬಾ. ನೀನೇ ಹೊಯ್ಯಬೇಕು."

ಡಯಾಲಿಸಿಸ್‌ನ ಸೂಜಿ ಚುಚ್ಚುವ ಎಡಗೈಯಲ್ಲಿ ಅವನು ಭಾರ ಎತ್ತಬಾರದು. ಬಲಗೈಯಲ್ಲಿ ಆಲಿಕೆ ಹಿಡಿದು ಕಾರಿಗೆ ಒರಗಿ ನಿಂತ. ಮಂಗಲಾ ಸೆರಗು ಸಿಕ್ಕಿಸಿ ಕ್ಯಾನು ಎತ್ತಿದಳು.

"ಕಿಶನನಿಗೆ ಹೇಳುದಿಲ್ವಾ?"

"ಸಂಜೆ ಟ್ಯಾಂಕಿನ ಮುಳ್ಳು ನೋಡಿ ಅವನೇ ಕೇಳ್ತಾನೆ. ಆವಾಗ ಹೇಳ್ತೆ, ಡೀಸೆಲಿಗೆ ನಂಗೆ ಎಷ್ಟು ಬಿತ್ತು ಅಂತ."

ಬಹಳ ದಿನಗಳ ಮೇಲೆ ಅವನ ಮುಖದಲ್ಲಿ ಒಂದು ತುಂಟತನ ಕಂಡು ಅವಳಿಗೂ ಖುಷಿಯಾಯಿತು. ಒಂದು ಹನಿ ಹೊರಗೆ ಚೆಲ್ಲದೆ ಹೊಯ್ದಳು. ಕೊನೆಗೆ ಕ್ಯಾನನ್ನು ಬುಡಮೇಲು ಮಾಡಿ ತಟ್ಟಿ ತಟ್ಟಿ ಖಾಲಿ ಮಾಡಿದಳು. ಎಣ್ಣೆಯ ಡಬ್ಬಿಯಾಗಲಿ ಏನೇ ಆಗಲಿ, ತಳದಲ್ಲಿ ಉಳಿಸಿ ಎಸೆದು ಅವಳಿಗೆ ಅಭ್ಯಾಸವಿಲ್ಲ. ಆ ಹೊತ್ತಿಗೆ ರಾಮಾ ಆಕಾಶದ ಕಡೆ ನೋಡುತ್ತಿದ್ದ.

ಬೋಟಿನ ಮೇಲೆ ಕ್ಯಾನಿನ ತಳದ ನಾಲ್ಕು ಬೆರಳು ಡೀಸೆಲನ್ನು ಯಾರೂ ಹೊಯ್ಯುವುದಿಲ್ಲ. ಸಮುದ್ರದ ತೇವಕ್ಕೆ ನೀರು ಇಳಿದು ಅಲ್ಲೇ ನಿಂತಿರುತ್ತದೆ. ಬೋಟು ಹತ್ತಿ ಎಂಟು ದಿನವಾದ ಯಾರಿಗೆ ಕೇಳಿದರೂ ಇದು ಗೊತ್ತು. ಮೂವತ್ತೊಂದು ವರ್ಷದಲ್ಲಿ ರಾಮಾನಿಗೆ ಅದನ್ನು ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳಬೇಕಾದ ಪ್ರಸಂಗವೇ ಬಂದಿರಲಿಲ್ಲ, ಆವತ್ತೂ ಹೇಳಲಿಲ್ಲ.

ಕಿಶನ ಆ ಸಂಜೆ ಮುಳ್ಳು ನೋಡಲಿಲ್ಲ. ಗುರುವಾರ ಬೆಳಿಗ್ಗೆ ಐದೂವರೆಗೆ ಹೊರಟರು. ಕಿಶನ ಓಡಿಸುತ್ತಿದ್ದ, ಪಕ್ಕದಲ್ಲಿ ರಾಮಾ, ಹಿಂದೆ ಮಂಗಲಾ. ಮಳೆ ಧೋ ಎಂದು ಹೊಯ್ಯುತ್ತಿತ್ತು. ಅಮದಳ್ಳಿ ದಾಟಿತು. ತೋಡೂರಿನ ಹತ್ತಿರ ಕಾರು ಎರಡು ಸಲ ಮುಗ್ಗರಿಸಿದ ಹಾಗೆ ಮಾಡಿ ಹೆದ್ದಾರಿಯ ಬದಿಯಲ್ಲಿ ನಿಂತುಬಿಟ್ಟಿತು.

ಕಿಶನ ಚಾವಿ ತಿರುಗಿಸಿದ, ಮತ್ತೆ ತಿರುಗಿಸಿದ. ರಾಮಾ ಕಿವಿಗೊಟ್ಟು ಕೇಳಿ, "ಬಿಡು, ಇನ್ನು ತಿರುಗಿಸ್ಬೇಡ," ಎಂದ. ಆಮೇಲೆ ಹಿಂದೆ ತಿರುಗಿ ಮೆಲ್ಲಗೆ ಕೇಳಿದ, "ಕ್ಯಾನ್ ಪೂರ್ತಿ ಹೊಯ್ದ್ಯಾ?"

"ಹೌದು. ಎಂತಕ್ಕೆ?"

ರಾಮಾ ಕಣ್ಣು ಮುಚ್ಚಿ ಸೀಟಿಗೆ ಒರಗಿದ. ಮಂಗಲಾಳಿಗೆ ಏನು ತಪ್ಪಾಯಿತೆಂದು ತಿಳಿಯಲಿಲ್ಲ, ತಪ್ಪು ತನ್ನ ಕೈಯಿಂದಲೇ ಆಗಿದೆ ಎನ್ನುವುದು ಮಾತ್ರ ತಿಳಿಯಿತು.

ಕೈ ಮಾಡಿದರೆ ಒಂದು ಗಾಡಿಯೂ ನಿಲ್ಲಲಿಲ್ಲ. ಆರೂಮುಕ್ಕಾಲಿಗೆ ಪರಿಚಯದ ಮಂಗೇಶನ ಟೆಂಪೊ ಬಂತು, ಕಾರವಾರಕ್ಕೆ ಐಸ್ ತರಲು ಹೊರಟಿದ್ದ. ರಾಮಾನನ್ನು ಎತ್ತಿ ಮುಂದೆ ಕೂರಿಸಿದರು, ಮಂಗಲಾ ಬಾಗಿಲಿಗೆ ಅಂಟಿಕೊಂಡು ಕೂತಳು, ಕಿಶನ ಕಾರಿನ ಬಳಿಯೇ ಉಳಿದ. ಆಸ್ಪತ್ರೆ ಮುಟ್ಟುವಾಗ ಏಳೂವರೆ. ಏಳು ಗಂಟೆಯವರೆಗೆ ಕಾದು ಅವನ ಹಾಸಿಗೆಯನ್ನು ಇನ್ನೊಬ್ಬರಿಗೆ ಕೊಟ್ಟಾಗಿತ್ತು.

"ಅವ್ರಿಗೆ ಸೂಜಿ ಹಾಕಿ ಆಯ್ತು ಅಮ್ಮಾ, ಈಗ ತೆಗೀಲಿಕ್ಕೆ ಬರುದಿಲ್ಲ," ಎಂದಳು ನರ್ಸ್. "ಮಧ್ಯಾಹ್ನದ ಪಾಳಿಯಲ್ಲಿ ಒಂದು ಖಾಲಿ ಮಾಡಿಸ್ತೆ. ಕೂತಿರಿ."

ಮೂರು ಗಂಟೆಯವರೆಗೆ ಬೆಂಚು. ರಾಮಾನ ಮುಖ ಊದಿತ್ತು, ಕಾಲು ಊದಿತ್ತು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಹಾಗಾಗಿ ಗೋಡೆಗೆ ಬೆನ್ನು ಕೊಟ್ಟು ಕೂತೇ ಇದ್ದ. ಮಂಗಲಾ ಸೆರಗಿನಿಂದ ಗಾಳಿ ಹಾಕಿದಳು. ಅವಳಿಗೆ ಹೆದರಿಕೆಯಾಗಿತ್ತು, ಹೆದರಿಕೆಯ ಜೊತೆಗೆ ಸಿಟ್ಟೂ ಬಂದಿತ್ತು.

"ತಳದಲ್ಲಿ ನೀರಿರ್ತದೆ," ಎಂದ ರಾಮಾ, ಒಂದೊಂದೇ ಮಾತಿಗೆ ನಿಂತು ನಿಂತು. "ಬಿಡ್ಬೇಕಿತ್ತು. ನಿಂಗೆ ಹೇಳುದು... ನೆನಪಾಗಿಲ್ಲ."

"ಈಗ ಹೇಳಿ ಎಂತ ಮಾಡುದು. ಸುಮ್ನೆ ಕೂತ್ಕೊಳ್ಳಿ."

ಆವತ್ತು ಮನೆ ಸೇರುವಾಗ ಕತ್ತಲಾಗಿತ್ತು. ಜಗಳ ಮರುದಿನ ಊಟಕ್ಕೆ ಕಾದುಕೊಂಡಿತ್ತು. ಕಿಶನ ರಜೆ ಹಾಕಿ ಬೆಳಿಗ್ಗೆಯೇ ಗ್ಯಾರೇಜಿಗೆ ಹೋಗಿ ಬಂದಿದ್ದ. ತಾಟಿನ ಮುಂದೆ ಕೂತವನು ತುತ್ತು ಎತ್ತಲಿಲ್ಲ.

"ಟ್ಯಾಂಕ್ ಇಳಿಸ್ಬೇಕಂತೆ. ಪಂಪ್ ಹೋಗಿದೆ, ಇಂಜೆಕ್ಟರ್ ನಾಲ್ಕೂ ಹೋಗಿದೆ. ನಲವತ್ತೆರಡು ಸಾವಿರ. ಆ ಗಾಡಿ ಮಾರಿದ್ರೂ ಅಷ್ಟು ಬರುದಿಲ್ಲ. ಒಂದು ಕ್ಯಾನ್ ಪುಕ್ಕಟೆ ಡೀಸೆಲಿಗೆ, ಬಾಬಾ."

"ಹೊಯ್ದದ್ದು ನಾನು," ಎಂದಳು ಮಂಗಲಾ.

"ನೀ ಹೊಯ್ದೆ ಆಯಿ, ಹೊಯ್ಸಿದ್ದು ಯಾರು? ನಿನ್ನೆ ಹೆಚ್ಚು ಕಡಿಮೆ ಆಗಿದ್ರೆ? ಮೂರು ಗಂಟೆಗೂ ಬೆಡ್ ಸಿಗ್ದಿದ್ರೆ?" ಅವನ ಸ್ವರ ಏರಿತು. "ಒಂದು ತಿಂಗಳಿಂದ ಲೆಕ್ಕ ಹಾಕಿ ಹಾಕಿ ಹೇಳ್ತೆ, ಕಿವಿಗೇ ಹಾಕ್ಕೊಳ್ಳುದಿಲ್ಲ. ಎಂತಕ್ಕೆ ಬಾಬಾ ಇಷ್ಟು ಹಟ? ಡೀಸೆಲ್ ಡೀಸೆಲ್ ಅಂತ ಯಾವ ದೇವ್ರಿಗೆ ಹೇಳ್ಕೊಂಡೀರಿ?"

"ಕೂಗ್ಬೇಡಿ," ಎಂದಳು ಮನಿಷಾ ಗಂಡನಿಗೆ.

ರಾಮಾ ಕೈ ತೊಳೆದುಕೊಂಡ. ತೊಳೆದ ಕೈಯನ್ನು ಪಂಚೆಗೆ ಒರೆಸಿ ಮಗನ ಕಡೆ ನೋಡಿದ.

"ನಿನ್ನ ಲೆಕ್ಕ ತಪ್ಪಲ್ಲ. ನಂಗೆ ಮೊದಲ ದಿನವೇ ತಿಳೀತು. ಆರು ವರ್ಷ ಆದ್ಮೇಲೆ ಲಾಭ, ಅಲ್ದಾ? ನಾ ಡಯಾಲಿಸಿಸ್ ಶುರು ಮಾಡುವಾಗ ನಮ್ಮ ಪಾಳಿಯಲ್ಲಿ ಹನ್ನೊಂದು ಮಂದಿ ಇದ್ರು. ಈಗ ಏಳು. ಒಂದೂವರೆ ವರ್ಷಕ್ಕೆ."

ಅವನು ಬಾಟಲಿಯಲ್ಲಿ ನೀರು ಎಷ್ಟು ಉಳಿದಿದೆ ನೋಡಿ ಕೆಳಗಿಟ್ಟ.

"ನಂಗೆ ಇನ್ನೆರಡು ವರ್ಷ ಅಂತ ಇಟ್ಕೊ. ಮೂರಾದ್ರೆ ದೇವ್ರು ದೊಡ್ಡವ. ಆಮೇಲೆ ಈ ಮನೆಗೆ ಅಷ್ಟು ದೊಡ್ಡ ಗಾಡಿ ಎಂತಕ್ಕೆ? ನೀ ಬೈಕಿನ ಮೇಲೆ ಹೋಗ್ತಿ, ಮನಿಷಾ ಬಸ್ಸಿಗೆ ಹೋಗ್ತಾಳೆ. ಡೀಸೆಲ್ ಆದ್ರೆ ಮಾರಿ ನಿನ್ನ ಸಾಲ ಮುಗಿಸ್ಬಹುದು. ಕರೆಂಟಿಂದು ಆದ್ರೆ ತಕೊಳ್ಳುವವ್ರಿಲ್ಲ, ಕಂತು ಮಾತ್ರ ನಿನ್ನ ಕುತ್ತಿಗೆಗೆ. ಅದಕ್ಕೆ ಡೀಸೆಲ್ ಅಂದೆ. ಇಂಜಿನ್ ಮೇಲಿನ ಪ್ರೀತಿಗಲ್ಲ."

ಕಿಶನ ತಲೆ ತಗ್ಗಿಸಿದ. ಮನಿಷಾ ಎದ್ದು ಒಳಗೆ ಹೋಗುವುದೋ ಕೂರುವುದೋ ತಿಳಿಯದೆ ನೀರಿನ ಚೊಂಬನ್ನು ಅತ್ತಿಂದಿತ್ತ ಸರಿಸಿದಳು. ಮಂಗಲಾಳಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಇಷ್ಟು ದಿನ ಒಂದೇ ಚಾಪೆಯ ಮೇಲೆ ಮಲಗಿ, ಒಂದೇ ಬೆಂಚಿನ ಮೇಲೆ ಕೂತು, ಈ ಮನುಷ್ಯ ತಲೆಯೊಳಗೆ ಇಂಥ ಎಣಿಕೆ ಹಾಕುತ್ತಿದ್ದನಲ್ಲ, ತನಗೊಂದು ಮಾತು ಹೇಳದೆ.

"ನಾ ತರಕಾರಿ ಎರಡೆರಡು ಸಲ ಬೇಯಿಸುದು ಎರಡೇ ವರ್ಷಕ್ಕೆ ಅಂತ ಯಾರು ಹೇಳಿದ್ರು ನಿಮ್ಗೆ?" ಎಂದಳು. ಗಂಡನ ತಾಟಿನಲ್ಲಿ ಉಳಿದ ಪಲ್ಯ ನೋಡಿ, "ಅದನ್ನ ಮುಗಿಸಿ ಏಳಿ," ಎಂದಳು. ರಾಮಾ ಮತ್ತೆ ಕೂತು ಮುಗಿಸಿದ.

ಮುಂದಿನ ಮೂರು ವಾರ ಬಾಡಿಗೆ ಕಾರು. ಹೋಗಿ, ಕಾದು, ಬರಲು ಸಾವಿರದ ಇನ್ನೂರು. ವಾರಕ್ಕೆ ಮೂರು ಸಲ. ಅದೂ ಎರಡು ದಿನ ಹೇಳಿದ ಹೊತ್ತಿಗೆ ಬರಲಿಲ್ಲ, ಮಂಗಲಾ ಗೇಟಿನ ಹತ್ತಿರ ಕೊಡೆ ಹಿಡಿದು ನಿಂತು ನಿಂತು ಕಾಲು ಸೋತಳು. ಮನೆಯಲ್ಲಿ ಕಾರಿನ ಮಾತೇ ನಿಂತುಹೋಯಿತು. ಗಂಡಸರಿಬ್ಬರೂ ಉಣ್ಣುವುದು, ಏಳುವುದು, ಅಷ್ಟೇ. ಮೊದಲಿನ ಜಗಳವೇ ಮೇಲಿತ್ತು ಎಂದು ಅವಳಿಗೆ ಅನ್ನಿಸತೊಡಗಿತು.

ಬಾಯಿ ತೆರೆದದ್ದು ಮನಿಷಾ. ಒಂದು ಸಂಜೆ ಅಡುಗೆಮನೆಯಲ್ಲಿ ತೊಂಡೆಕಾಯಿ ಹೆಚ್ಚುತ್ತ ಅತ್ತೆಗೆ ಹೇಳಿದಳು, "ಹೈಬ್ರಿಡ್ ಬೇಡ ಆಯಿ, ಅಷ್ಟು ದುಡ್ಡು ಎಲ್ಲಿಂದ. ಕರೆಂಟಿಂದೇ ಆಗ್ಲಿ. ಒಂದ್ಸಲ ಚಾರ್ಜ್ ಮಾಡಿದ್ರೆ ನಾಲ್ಕೈದು ಸಲ ಕಾರವಾರಕ್ಕೆ ಹೋಗಿ ಬರ್ಬಹುದಂತೆ, ದೇವಾನಂದ ಹೇಳಿದ್ರು. ಎರಡು ದಿನ ಕರೆಂಟ್ ಹೋದ್ರೂ ನಡೀತದೆ. ಮತ್ತೆ ಅದಕ್ಕೆ ಗೇರ್ ಇಲ್ಲ. ಇವ್ರಿಗೆ ಶಿಫ್ಟ್ ಇದ್ದ ದಿನ ನಾನೇ ಓಡಿಸ್ತೆ. ಮಾವನನ್ನ ವಾಪಸ್ ಕರ್ಕೊಂಡು ಬಂದು ಮನೆಗೆ ಬಿಟ್ಟು ಮಧ್ಯಾಹ್ನ ಸೊಸಾಯಿಟಿ ಮುಟ್ಬಹುದು, ಆ ದಿನ ಮಧ್ಯಾಹ್ನದ ಕೌಂಟರ್ ಕೊಡ್ತಾರಂತೆ."

"ನಿಂಗೆ ಓಡಿಸುಕೆ ಬರ್ತದಾ?"

"ಲೈಸೆನ್ಸ್ ಅದೆ. ಗೇರಿನ ಹೆದರಿಕೆಗೆ ಮುಟ್ಟಿಲ್ಲ ಅಷ್ಟೆ."

ಯಾರು ಓಡಿಸುವುದು ಎಂದು ಇಷ್ಟು ದಿನದಲ್ಲಿ ಯೋಚಿಸಿದವಳು ಇವಳೊಬ್ಬಳೇ. ಮಂಗಲಾ ಸೊಸೆಯ ಕೈಯಿಂದ ಈಳಿಗೆ ಮಣೆ ತೆಗೆದುಕೊಂಡು, "ಏಳು, ಉಳಿದದ್ದು ನಾ ಹೆಚ್ತೆ," ಎಂದಳು.

ಜುಲೈ ಕೊನೆಯ ಸೋಮವಾರ ನಾಲ್ವರೂ ಕಾರವಾರದ ಶೋರೂಮಿಗೆ ಹೋದರು. ರಾಮಾ ಬರುವುದಿಲ್ಲ ಎಂದವನು ಕೊನೆಗೆ ಬಂದ. ದುಡ್ಡು ಅವನದು, ಸಹಿಯೂ ಅವನದೇ ಬೇಕಿತ್ತು. ಅಲ್ಲಿ ಡೀಸೆಲ್‌ದೂ ಇತ್ತು, ಹೈಬ್ರಿಡ್ಡೂ ಇತ್ತು, ಕರೆಂಟಿನದೂ ಇತ್ತು. ಅವನು ಡೀಸೆಲ್ ಕಾರಿನ ಪಕ್ಕದ ಕುರ್ಚಿಯಲ್ಲಿ ಕೂತ. ಶೋರೂಮಿನ ಹುಡುಗಿಗೆ ಇಪ್ಪತ್ತಮೂರು ಇಪ್ಪತ್ತನಾಲ್ಕು ಇರಬೇಕು, ಕೈಯಲ್ಲಿ ಟ್ಯಾಬು. ಹೆಸರು ಕೇಳಿದಳು, ಊರು ಕೇಳಿದಳು, ದಿನಕ್ಕೆ ಎಷ್ಟು ಓಡಾಟ ಎಂದು ಕೇಳಿದಳು. ಕಿಶನ ಒಂದೊಂದಕ್ಕೂ ಉತ್ತರ ಕೊಟ್ಟ.

"ಗಾಡಿ ಎಷ್ಟು ವರ್ಷ ಇಟ್ಕೊಳ್ಳುವ ವಿಚಾರ ಅದೆ ಸರ್? ಅದ್ರ ಮೇಲೆ ನಿಮ್ಗೆ ಯಾವ್ದು ಒಳ್ಳೇದು ಹೇಳ್ತೆ."

ಎಲ್ಲ ಗಿರಾಕಿಗಳಿಗೂ ಕೇಳುವ ಪ್ರಶ್ನೆ ಅದು. ಕಿಶನ ಅಪ್ಪನ ಕಡೆ ನೋಡಿದ. ಮನಿಷಾ ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ರಾಮಾ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ, ಗಂಟಲು ಸರಿಮಾಡಿಕೊಂಡ. ಅವನು ಏನು ಹೇಳಲಿದ್ದಾನೆಂದು ಮಂಗಲಾಳಿಗೆ ಗೊತ್ತಿತ್ತು.

"ಹತ್ತು ವರ್ಷ," ಎಂದಳು ಅವಳು.

ಹುಡುಗಿ ಟ್ಯಾಬಿನಲ್ಲಿ ಒತ್ತಿಕೊಂಡಳು. "ಹತ್ತು ಅಂದ್ರೆ ಇಲೆಕ್ಟ್ರಿಕ್ಕೇ ಸರಿ ಆಂಟಿ. ಎರಡು ಮೂರು ವರ್ಷ ಅಂದಿದ್ರೆ ನಾನೇ ಡೀಸೆಲ್ ತಕೊಳ್ಳಿ ಅಂತಿದ್ದೆ."

ರಾಮಾ ಹೆಂಡತಿಯ ಕಡೆ ತಿರುಗಿದ. "ಹತ್ತಾ?"

"ಹೌದು."

"ಮಂಗಲಾ, ಸರಿಯಾಗಿ ವಿಚಾರ ಮಾಡಿ ಹೇಳು."

ಅವಳು ವಿಚಾರ ಮಾಡಿದಳು. ವಾರಕ್ಕೆ ಮೂರು, ವರ್ಷಕ್ಕೆ ನೂರೈವತ್ತರ ಮೇಲೆ, ಹತ್ತು ವರ್ಷಕ್ಕೆ ಸಾವಿರದ ಐನೂರು ದಾಟುತ್ತದೆ. ಅಷ್ಟು ಸಲ ನಾಲ್ಕಕ್ಕೆ ಏಳಬೇಕು, ಅಷ್ಟು ಸಲ ಆ ಬೆಂಚು. ತನಗೆ ಈಗಲೇ ಐವತ್ತೆಂಟು, ಮಂಡಿ ಎರಡೂ ನೋಯುತ್ತವೆ. ಕೂತಲ್ಲೇ ಅವಳಿಗೆ ದಣಿವಾಯಿತು, ಒಂದು ಗಳಿಗೆ ಕಣ್ಣು ಮುಚ್ಚೋಣ ಅನ್ನಿಸಿತು.

"ಹತ್ತೇ ಅಲ್ವಾ ಆಂಟಿ?" ಎಂದು ಹುಡುಗಿ ಮತ್ತೊಮ್ಮೆ ಕೇಳಿದಳು. "ಕಡಿಮೆ ಮಾಡುದಾದ್ರೆ ಈಗ ಮಾಡ್ಬಹುದು."

"ಕಡಿಮೆ ಮಾಡುದಿಲ್ಲ," ಎಂದಳು ಮಂಗಲಾ. "ಹತ್ತೇ ಬರ್ಕೊ."